ಎದೆ ಡವಗುಟ್ಟುವಿಕೆ
ತನ್ನ ಹೃದಯದ ಬಡಿತ ತನಗೇ ಅರಿವಾಗುವ ಸ್ಥಿತಿ. ಬಡಿತ ವೇಗವಾಗಿ, ಜೋರಾಗಿ ಅಥವಾ ತಾಳ ತಪ್ಪಿದಂತೆ ಅನಿಸುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ. ಕೆಲವೊಮ್ಮೆ ಒಂದು ಬಡಿತ ಹೊತ್ತಿಗೆ ಮುಂಚೆ ಬಂದು, ನಂತರ ತುಸು ಬಿಡುವಾಗುತ್ತದೆ. ಆಗ ಹೆಚ್ಚು ರಕ್ತ ತುಂಬಿಕೊಳ್ಳುವುದರಿಂದ ಮುಂದಿನ ಬಡಿತ ಗುದ್ದಿದಂತಾಗುತ್ತದೆ. ಆರೋಗ್ಯವಂತರಲ್ಲಿ ಇದರಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಆತಂಕ, ಜ್ವರ, ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ಅತಿಸ್ರಾವ, ಕಾಫಿ, ತಂಬಾಕು, ಮದ್ಯ ಎದೆ ಡವಗುಟ್ಟಲು ಕಾರಣವಾಗಬಹುದು. ಆದರೆ ಬರೀ ಆತಂಕವೆಂದು ತಳ್ಳಿಹಾಕುವ ಮುನ್ನ ಇಸಿಜಿ ಮಾಡಿಸಲೇಬೇಕು: ಏಟ್ರಿಯಲ್ ಫಿಬ್ರಿಲೇಷನ್ ಎಂಬ ಲಯದೋಷ ಪತ್ತೆಯಾಗದೆ ಉಳಿದರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ತರಬಲ್ಲದು. ಬಂದುಹೋಗುವ ತೊಂದರೆಯನ್ನು ಹಿಡಿಯಲು, ಹೃದಯದ ಲಯವನ್ನು ಸತತವಾಗಿ ದಾಖಲಿಸುವ ಹೋಲ್ಟರ್ ಯಂತ್ರವನ್ನು 24 ಗಂಟೆ ಅಥವಾ ಹೆಚ್ಚು ಹೊತ್ತು ಮೈಗೆ ಅಳವಡಿಸುತ್ತಾರೆ. ಚಿಕಿತ್ಸೆ ಕಾರಣವನ್ನು ಅವಲಂಬಿಸಿದೆ. ಜೊತೆಗೆ ಎದೆನೋವು, ಮೂರ್ಛೆ, ಏದುಸಿರು ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.