ಕಪ್ಪತಗುಡ್ಡ ಮತ್ತು ಜಲಗಾರರು

ಗದಗ ಊರಿನ ಅಂಚಿಗಿರುವ ಬಿಂಕದಕಟ್ಟಿಯಿಂದ ಎದ್ದು, ಶಿರಹಟ್ಟಿ, ಮುಂಡರಗಿ ಸೀಮೆಗಳನ್ನು ಹಾಯ್ದು ತುಂಗಭದ್ರೆಯ ಕಡೆಗೆ ಇಳಿಯುವ ಗುಡ್ಡದ ಸಾಲಿಗೆ ಕಪ್ಪತಗುಡ್ಡ ಅಂತ ಹೆಸರು. ಎಪ್ಪತ್ತು ಗಿರಿ ನೋಡೂದಕ್ಕಿಂತ ಕಪ್ಪತಗಿರಿ ನೋಡು ಅಂತಾರ ನಮ್ಮ ಕಡೆ. ವೈದ್ಯರು ಇದನ್ನು ಔಷಧಿಯ ಗುಡ್ಡ ಅಂದರು. ಕಂಪನಿಯವರು ಬಂಗಾರದ ಗುಡ್ಡ ಅಂದರು. ಸ್ವಾಮಿಗಳು ತಪಸ್ಸಿನ ಗುಡ್ಡ ಅಂದರು. ದಿನಾ ಬರಿಗಾಲಲ್ಲಿ ಹತ್ತಿ ಕಟಗಿ ಹೊರೆ ಹೊತ್ತು ಇಳಿದ ಹೆಣ್ಣುಮಕ್ಕಳು ಏನಂದರೋ, ಅದನ್ನ ಮಾತ್ರ ಯಾರೂ ಬರೆದಿಟ್ಟಿಲ್ಲ.

ಗುಡ್ಡದ ಬುಡದ ಡಂಬಳದಲ್ಲಿ 1095ರ ಒಂದು ಶಾಸನ ಇದೆ. ಅದರಲ್ಲಿ ಬೌದ್ಧ ವಿಹಾರದ ಮಾತಿದೆ, ತಾರಾದೇವಿಯ ಸ್ತುತಿ ಇದೆ. ಬುದ್ಧ ಈ ಸೀಮೆಯಲ್ಲಿ ಅಷ್ಟು ತಡದವರೆಗೆ ಇದ್ದ ಎಂಬುದನ್ನು ನಮ್ಮ ಶಾಲೆಯ ಪುಸ್ತಕ ನಮಗೆ ಹೇಳಲಿಲ್ಲ. ಇರಲಿ, ಅದು ಬೇರೆಯೇ ಲೇಖನ.

ಬಂಗಾರದ ಮಾತಿಗೆ ಬರೋಣ. 1874ರಲ್ಲಿ ಭೂವಿಜ್ಞಾನಿ ಬ್ರೂಸ್ ಫೂಟ್ ಈ ಗುಡ್ಡಗಳ ಬಂಗಾರದ ಬಗ್ಗೆ ವರದಿ ಬರೆದ. ಆದರೆ ಬಂಗಾರ ಕಂಡುಹಿಡಿದವನು ಅವನಲ್ಲ. ಅವನು ಬರುವ ಎಷ್ಟೋ ಮೊದಲೇ ದೋಣಿ, ಸೊರಟೂರುಗಳ ಹಳ್ಳದಲ್ಲಿ ಮಳೆ ನಿಂತ ಮೇಲೆ ಮಂದಿ ಮಣ್ಣು ತೊಳೆದು ಬಂಗಾರದ ಹುಡಿ ಆರಿಸುತ್ತಿದ್ದರು. ಅವರಿಗೆ ಜಲಗಾರರು ಅಂತ ಹೆಸರು. ಸೊಂಟಮಟ ನೀರಲ್ಲಿ ನಿಂತು ಅಕ್ಕಸಾಲಿಗನಿಗೆ ಬಂಗಾರ ಕೊಟ್ಟು ತಾವು ರೊಟ್ಟಿಗೆ ಬಾಯಿ ಬಿಟ್ಟವರು. ಈ ಶಬ್ದದ ಗತಿ ನೋಡಿ, ಗೆಳೆಯರೆ. ಕುವೆಂಪು 'ಜಲಗಾರ' ನಾಟಕ ಬರೆಯುವ ಹೊತ್ತಿಗೆ ಜಲಗಾರ ಅಂದರೆ ಬೀದಿ ಗುಡಿಸುವವ. ಬಂಗಾರ ತೊಳೆಯುವವನ ಹೆಸರೂ ಹೊಲಸು ಬಳಿಯುವವನ ಹೆಸರೂ ಒಂದೇ! ಇಬ್ಬರಿಗೂ ದಕ್ಕಿದ್ದು ಕಸವೇ.

ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಕಬಲಾಯತಕಟ್ಟಿಯ ಕಡೆ ಬ್ರಿಟಿಷ್ ಕಂಪನಿಗಳು ಗಣಿ ತೋಡಿದವು. ಗಿಟ್ಟಲಿಲ್ಲ, ಬಿಟ್ಟು ಹೋದವು. ತೋಡಿದ ಗುಂಡಿ ಉಳಿದವು, ಬಂಗಾರದ ಆಸೆಯೂ ಉಳಿಯಿತು.

ನೂರು ವರ್ಷದ ಮೇಲೆ ಪೋಸ್ಕೊ ಬಂತು. ಉಕ್ಕಿನ ಕಾರ್ಖಾನೆಗೆ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತ ಮೂರು ಸಾವಿರ ಎಕರೆಗೂ ಮಿಕ್ಕಿ ಎರಿಹೊಲ ಕೇಳಿದರು. ಇವತ್ತು ಹೊಲ, ನಾಳೆ ಗುಡ್ಡ ಅಂತ ರೈತರಿಗೆ ತಿಳಿಯದೆ ಇರಲಿಲ್ಲ. ಅವರ ಮುಂದೆ ನಿಂತವರು ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು. 2011ರ ಜುಲೈನಲ್ಲಿ ಸರ್ಕಾರ ಹಿಂದೆ ಸರಿಯಿತು. ಮಠ ಅಂದರೆ ನಮ್ಮಂಥವರಿಗೆ ಮೈ ಉರಿಯುತ್ತದೆ, ಉರಿಯಲೇಬೇಕು. ಆದರೆ ಚರಿತ್ರೆ ಬರೆಯುವಾಗ ಸುಳ್ಳು ಹೇಳಬಾರದು. ಗೋಕಾಕ್ ಚಳವಳಿಯಲ್ಲಿ ಬೀದಿಗಿಳಿದ ಆ ಮನುಷ್ಯ ಗುಡ್ಡಕ್ಕಾಗಿಯೂ ಬೀದಿಗಿಳಿದರು. ಒಂದು ಮಾತು ಮಾತ್ರ ಮರೆಯಬಾರದು: ಭೂಮಿ ಹೋದರೆ ಪರಿಹಾರ ಭೂಮಿ ಉಳ್ಳವನಿಗೆ. ಆ ಹೊಲದಲ್ಲಿ ಕಳೆ ತೆಗೆಯುವವಳ ಹೆಸರು ಯಾವ ಉತಾರದಲ್ಲೂ ಇರೋದಿಲ್ಲ.

2015ರ ಡಿಸೆಂಬರಿನಲ್ಲಿ ಸರ್ಕಾರ ಗುಡ್ಡದ 17,872 ಹೆಕ್ಟೇರನ್ನು ಸಂರಕ್ಷಿತ ಮೀಸಲು ಪ್ರದೇಶ ಅಂತ ಸಾರಿತು. ವರ್ಷ ತುಂಬುವ ಮೊದಲೇ, 2016ರ ನವೆಂಬರಿನಲ್ಲಿ, ಅದೇ ಸರ್ಕಾರ ಆದೇಶ ಹಿಂದಕ್ಕೆ ತಗೊಂಡಿತು. ಸ್ಥಳೀಯರನ್ನ ಕೇಳಿಲ್ಲ ಅನ್ನೋ ಮಾತು ಆಗ ಎದ್ದಿತು. ಕೇಳಬೇಕು ಅನ್ನೋದು ಕಾನೂನಿನಲ್ಲಿ ಇರೋದೂ ನಿಜ. ಆದರೆ ಗಣಿ ಕಂಪನಿಯ ಅರ್ಜಿ ಬಂದಾಗ ಯಾವ ತಾಂಡಾದ ಬಾಗಿಲಿಗೆ ಬಂದು ಕೇಳಿದ್ದರು?

2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ಅಹೋರಾತ್ರಿ ಧರಣಿ. ಸ್ವಾಮಿಗಳು, ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ, ರೈತರು, ಕಾಲೇಜು ಹುಡುಗರು, ಪೇಟೆಯ ಮಂದಿ. ಗುಡ್ಡ ಊರಿನ ಹೊರಗಿದ್ದರೂ ಮಳೆ ಊರಿನದು, ಗಾಳಿ ಊರಿನದು ಅಂತ ಪೇಟೆಗೆ ತಿಳಿದ ದಿನಗಳು ಅವು. ಎಪ್ರಿಲಿನಲ್ಲಿ ಮೀಸಲು ಮತ್ತೆ ಬಂತು. 2018ರ ಅಕ್ಟೋಬರಿನಲ್ಲಿ ಸ್ವಾಮಿಗಳು ತೀರಿಕೊಂಡರು. 2019ರ ಮೇ ತಿಂಗಳಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ಆಮೇಲೂ ಆಸೆ ಅಡಗಲಿಲ್ಲ; ಧಾಮದ ಸುತ್ತ ಕಲ್ಲು ಒಡೆಯುವವರ ಅರ್ಜಿಗಳು 2024ರಲ್ಲೂ ರಾಜ್ಯ ವನ್ಯಜೀವಿ ಮಂಡಳಿಯ ಮುಂದೆ ಬಂದವು.

ಗುಡ್ಡ ಉಳಿಯಿತು. ನನಗೂ ಖುಷಿಯೇ. ಆದರೆ ಧಾಮ ಅಂದ ಮೇಲೆ ಕುರಿ ಎಲ್ಲಿ ಮೇಯಬೇಕು, ಕಟಗಿ ಎಲ್ಲಿ ಆರಿಸಬೇಕು ಅನ್ನೋದು ಅರಣ್ಯ ಇಲಾಖೆಯ ಕೈಗೆ ಹೋಗುತ್ತದೆ. ಅದಕ್ಕೆ ಎದುರಾಗಿ ನಮ್ಮ ಕೈಯಲ್ಲಿರೋದು 2006ರ ಅರಣ್ಯ ಹಕ್ಕು ಕಾಯ್ದೆ. ಅದು ಧಾಮದ ಒಳಗೂ ನಡೆಯುತ್ತದೆ. ಅಲ್ಲೂ ಒಂದು ಗಂಟಿದೆ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲಿಂದ ಇದ್ದರೆ ಸಾಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನೇ ನಂಬಿ ಬಾಳಿದ್ದನ್ನು ತೋರಿಸಬೇಕು. ನಮ್ಮ ರಾಜ್ಯದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ, ಪಂಗಡ ಅಲ್ಲ. ಇಲ್ಲಿಯ ಕುರಿಗಾರ ಕುರುಬರೂ ಪಂಗಡ ಅಲ್ಲ. ಆದ್ದರಿಂದ ಕಪ್ಪತಗುಡ್ಡದ ತಾಂಡಾದವರು 1930ಕ್ಕೆ ಹೋಗಬೇಕು. ಆಗ ಗದಗ ಮುಂಬಯಿ ಪ್ರಾಂತದಲ್ಲಿತ್ತು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿತ್ತು. ಸಾಂಗ್ಲಿಯ ದಫ್ತರದಲ್ಲಿ ಲಂಬಾಣಿ ಮುದುಕಿಯ ಹೆಸರು ಹುಡುಕೋಕೆ ಯಾರು ಹೋಗ್ತಾರೆ?

ಹೋಗಬೇಕಾಗಿಲ್ಲ. ಕಾಯ್ದೆಯ ನಿಯಮದಲ್ಲೇ ಇದೆ: ಹಕ್ಕು ಕೇಳುವವರಲ್ಲದ ಊರ ಹಿರಿಯರು ಹೇಳಿದ ಮಾತನ್ನು ಬರೆದುಕೊಂಡರೆ ಅದೂ ಸಾಕ್ಷಿ. ಬರೆಯೋಕೆ ಅಕ್ಷರ ಬಲ್ಲವರು ಬೇಕು. ಈ ಪತ್ರಿಕೆ ಓದುವ ಮೇಷ್ಟ್ರುಗಳು, ಹುಡುಗರು ಒಂದು ನೋಟ್‌ಬುಕ್ ಹಿಡಕೊಂಡು ತಾಂಡಾಗಳಿಗೆ, ಕೇರಿಗಳಿಗೆ ಹೋಗಿ ಕೂರಬೇಕು. ಎಲ್ಲಿ ಕುರಿ ಮೇಯಿಸಿದಿರಿ, ಯಾವ ಹಳ್ಳದ ನೀರು ಕುಡಿದಿರಿ, ಯಾವ ಕಲ್ಲಿಗೆ ಕುಂಕುಮ ಹಚ್ಚಿದಿರಿ ಅಂತ ಕೇಳಬೇಕು. 1930 ಕಣ್ಣಾರೆ ಕಂಡವರಿಗೆ ಈಗ ತೊಂಬತ್ತೈದು ದಾಟಿದೆ.