ಸತ್ಯ ಪರಿಶೀಲನೆ: ಸಿಗಾರ್ ಅರ್ಧ ಸೇದಿ ಆರಿಸಿದರೆ ಅಪಾಯವಿಲ್ಲವೇ?

ಸಾರಾಂಶ

ಸಿಗಾರ್‌ನ ವಿಷವೆಲ್ಲ ಕೊನೆಯ ತುಂಡಿನಲ್ಲಿರುತ್ತದೆ, ಅದನ್ನು ಬಿಟ್ಟು ಸೇದಿದರೆ ತೊಂದರೆಯಿಲ್ಲ ಎಂಬ ಮಾತನ್ನು ಹಲವರು ನಂಬುತ್ತಾರೆ. ನಾವು ಇದನ್ನು ಪರಿಶೀಲಿಸಿದಾಗ ಬಹುತೇಕ ತಪ್ಪು ಎಂದು ತಿಳಿದುಬಂತು. ಕೊನೆಯ ತುಂಡಿನ ಹೊಗೆ ಹೆಚ್ಚು ಗಾಢ ಎನ್ನುವುದು ನಿಜ. ಆದರೆ ಹಾನಿ ಮೊದಲ ದಮ್ಮಿನಿಂದಲೇ ಶುರುವಾಗುತ್ತದೆ.

ಎಷ್ಟು ಸೇದಿ ಬಿಡಬೇಕು ಎಂಬ ನಿಯಮವಿದೆಯೇ?

ಇಲ್ಲ. ಮೂರನೇ ಎರಡು ಭಾಗ ಸೇದಿ, ಅಥವಾ ಸುತ್ತಲಿನ ಕಾಗದದ ಪಟ್ಟಿಯವರೆಗೆ ಸೇದಿ ಬಿಡುವುದು ಸಿಗಾರ್ ಪ್ರಿಯರಲ್ಲಿ ರೂಢಿ. ಸಿಗರೇಟಿನಂತೆ ಹೊಸಕಿದರೆ ಕೆಟ್ಟ ವಾಸನೆ ಬರುತ್ತದೆಂದು ಅದನ್ನು ಆಶ್‌ಟ್ರೇಯಲ್ಲಿ ತಾನಾಗಿ ಆರಲು ಬಿಡುತ್ತಾರೆ. ಇದೆಲ್ಲ ರುಚಿಗಾಗಿ ಬಂದ ಪದ್ಧತಿ, ಆರೋಗ್ಯಕ್ಕಾಗಿ ಅಲ್ಲ.

ಕೊನೆಯ ಭಾಗ ಏಕೆ ಕಹಿ?

ಹೊಗೆ ಬಾಯಿಗೆ ಬರುವ ಮೊದಲು ಇನ್ನೂ ಸುಡದ ತಂಬಾಕಿನ ಮೂಲಕ ಹಾದುಬರುತ್ತದೆ. ದಾರಿಯಲ್ಲಿ ಟಾರ್, ನಿಕೋಟಿನ್ ಮತ್ತು ತೇವಾಂಶದ ಒಂದು ಪಾಲು ಅಲ್ಲೇ ಅಂಟಿಕೊಳ್ಳುತ್ತದೆ. ಕೊನೆಗೆ ಆ ತಂಬಾಕೂ ಉರಿಯುತ್ತದೆ. ಆದ್ದರಿಂದ ಕೊನೆಯ ದಮ್ಮುಗಳು ಬಿಸಿ, ಕಹಿ ಮತ್ತು ಗಾಢ. ಹಾಗೆಂದು ಮೊದಲರ್ಧದ ಹೊಗೆ ಶುದ್ಧವಲ್ಲ. ಅದರಲ್ಲೂ ಕಾರ್ಬನ್ ಮಾನಾಕ್ಸೈಡ್ ಮತ್ತು ಕ್ಯಾನ್ಸರ್‌ಕಾರಕ ರಾಸಾಯನಿಕಗಳು ಇದ್ದೇ ಇರುತ್ತವೆ.

ಅರ್ಧ ಸಿಗಾರ್ ಎಂದರೆ ಎಷ್ಟು ತಂಬಾಕು?

ಒಂದು ಸಿಗರೇಟಿನಲ್ಲಿ 1 ಗ್ರಾಂಗಿಂತ ಕಡಿಮೆ ತಂಬಾಕು ಇರುತ್ತದೆ. ದೊಡ್ಡ ಸಿಗಾರ್‌ನಲ್ಲಿ ಸಾಮಾನ್ಯವಾಗಿ 5ರಿಂದ 20 ಗ್ರಾಂ. ಕೆಲವು ಸಿಗಾರ್‌ಗಳಲ್ಲಿ ಇಡೀ ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರುತ್ತದೆ. ಅಂದರೆ 10 ಗ್ರಾಂನ ಸಿಗಾರ್ ಅರ್ಧ ಸೇದಿದರೂ 5 ಗ್ರಾಂ ಸುಟ್ಟಂತೆ. ಅದು ಐದಕ್ಕೂ ಹೆಚ್ಚು ಸಿಗರೇಟಿಗೆ ಸಮ.

ಹೊಗೆ ಒಳಗೆಳೆಯದಿದ್ದರೆ?

ಸಿಗಾರ್ ಹೊಗೆ ಕ್ಷಾರೀಯ. ಹಾಗಾಗಿ ಹೊಗೆಯನ್ನು ನುಂಗದಿದ್ದರೂ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತ ಸೇರುತ್ತದೆ, ಚಟವೂ ಅಂಟುತ್ತದೆ. ಬಾಯಿ, ಗಂಟಲು, ತುಟಿ, ನಾಲಿಗೆ ನೇರವಾಗಿ ಹೊಗೆಗೆ ಸಿಗುತ್ತವೆ. ಸಿಗಾರ್ ಸೇವನೆಯಿಂದ ಬಾಯಿ, ಧ್ವನಿಪೆಟ್ಟಿಗೆ, ಅನ್ನನಾಳ ಮತ್ತು ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ದೊಡ್ಡ ಸಿಗಾರ್ ಮುಗಿಯಲು ಒಂದೆರಡು ಗಂಟೆಯಾಗುವುದರಿಂದ ಪಕ್ಕದಲ್ಲಿ ಕುಳಿತ ಮಕ್ಕಳು, ಹಿರಿಯರೂ ಅಷ್ಟು ಹೊತ್ತು ಅದೇ ಗಾಳಿ ಕುಡಿಯುತ್ತಾರೆ.

ಅರ್ಧ ಸೇದಿದರೆ ಅರ್ಧವೇ ಅಪಾಯವೇ?

ಲೆಕ್ಕ ಅಷ್ಟು ಸರಳವಲ್ಲ. ಸಿಗರೇಟಿನ ಬಗ್ಗೆ 141 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2018ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ದಿನಕ್ಕೆ 20 ಸಿಗರೇಟಿನಿಂದ ಹೆಚ್ಚುವ ಹೃದ್ರೋಗದ ಅಪಾಯದಲ್ಲಿ ಸುಮಾರು ಅರ್ಧದಷ್ಟು ದಿನಕ್ಕೆ ಒಂದೇ ಸೇದಿದರೂ ಬರುತ್ತದೆ ಎಂದು ಅದು ಹೇಳಿದೆ. ಇಪ್ಪತ್ತರಲ್ಲಿ ಒಂದಕ್ಕೆ ಇಳಿದರೂ ಅಪಾಯ ಇಪ್ಪತ್ತನೇ ಒಂದು ಪಾಲಿಗೆ ಇಳಿಯುವುದಿಲ್ಲ. ಜೊತೆಗೆ, ಪ್ರಮಾಣ ಕಡಿಮೆ ಮಾಡಿದವರು ಗೊತ್ತಿಲ್ಲದೆಯೇ ದಮ್ಮನ್ನು ಜೋರಾಗಿ, ಪದೇ ಪದೇ ಎಳೆಯುವುದುಂಟು. ಅರ್ಧ ಬೀಡಿ, ಅರ್ಧ ಸಿಗರೇಟು ಸೇದಿ ಬಿಸಾಡುವವರಿಗೂ ಈ ಮಾತು ಅನ್ವಯಿಸುತ್ತದೆ.

ಹಾಗಾದರೆ ಏನು ಮಾಡಬೇಕು?

ಕಡಿಮೆ ಮಾಡುವುದು ಬಿಡುವ ದಾರಿಯ ಮೊದಲ ಹೆಜ್ಜೆಯಾಗಲಿ, ಅಲ್ಲೇ ನಿಲ್ಲಬೇಡಿ. ಸಿಗರೇಟು ಪೂರ್ತಿ ಬಿಟ್ಟವರಲ್ಲಿ ಒಂದು ವರ್ಷದೊಳಗೆ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ತಂಬಾಕು ಬಿಡಲು ನೆರವು ಬೇಕಿದ್ದರೆ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಬಹುದು. ಆರಿಸಿದ ತುಂಡುಗಳಲ್ಲೂ ನಿಕೋಟಿನ್ ಉಳಿದಿರುತ್ತದೆ. ಪುಟ್ಟ ಮಕ್ಕಳು ಬಾಯಿಗೆ ಹಾಕಿಕೊಂಡರೆ ವಿಷವಾಗಬಹುದು, ಅವರ ಕೈಗೆ ಸಿಗದಂತೆ ನೋಡಿಕೊಳ್ಳಿ.

ತೀರ್ಮಾನ

ಸಿಗಾರ್ ಎಲ್ಲಿಗೆ ಆರಿಸಬೇಕು ಎನ್ನುವುದು ರುಚಿಯ ಪ್ರಶ್ನೆ. ಆರೋಗ್ಯದ ದೃಷ್ಟಿಯಿಂದ ಸುರಕ್ಷಿತವಾದ ಅಳತೆಯೇ ಇಲ್ಲ, ಹಚ್ಚದಿರುವುದೇ ಒಳ್ಳೆಯದು. ‘ಅರ್ಧ ಸೇದಿದರೆ ಏನೂ ಆಗಲ್ಲ’ ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ ಫಾರ್ವರ್ಡ್ ಮಾಡಬೇಡಿ. ಅದನ್ನು ಕಳಿಸಿದವರಿಗೆ ಈ ಮಾಹಿತಿ ತಲುಪಿಸಿ.