ಓಲ್ಡ್ ರಾಜಿಂದರ್ ನಗರದ ಸೀನಿಯರ್‌ಗಳು: ಕನ್ನಡದ ಹೊಸ ಅಭ್ಯರ್ಥಿಗೆ ದೊರೆಯುವ ಸಲಹೆಯ ಸ್ವರೂಪ

ದೇಶವಿಭಜನೆಯ ತರುವಾಯ ಬಂದ ನಿರಾಶ್ರಿತರ ವಸತಿಗಾಗಿ ರೂಪುಗೊಂಡ ದೆಹಲಿಯ ಓಲ್ಡ್ ರಾಜಿಂದರ್ ನಗರವು ಇಂದು ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಗೆ ಓದುವವರ ನೆಲೆಯಾಗಿದೆ. ಹಿಂದಿ ಮಾಧ್ಯಮದವರು ಹೆಚ್ಚಾಗಿ ಮುಖರ್ಜಿ ನಗರದಲ್ಲಿ ನೆಲೆಸಿದರೆ, ಇಂಗ್ಲಿಷ್‌ನಲ್ಲಿ ಓದುವವರು, ಅವರೊಂದಿಗೆ ದಕ್ಷಿಣದ ರಾಜ್ಯಗಳವರು, ಕರೋಲ್ ಬಾಗ್ ಮೆಟ್ರೋ ನಿಲ್ದಾಣದಿಂದ ನಡೆದುಹೋಗಬಹುದಾದ ಈ ಬಡಾವಣೆಯನ್ನು ಆರಿಸಿಕೊಳ್ಳುತ್ತಾರೆ. ಪದವಿ ಮುಗಿಸಿ ಇಲ್ಲಿಗೆ ಬಂದಿಳಿಯುವ ಹೊಸಬರಿಗೆ ಎರಡು ಬಗೆಯ ಸಲಹೆ ಕಾದಿರುತ್ತದೆ: ಆಯ್ಕೆಯಾಗಿ ಹೋದವರದು ಮತ್ತು ಆಯ್ಕೆಯಾಗದೆ ಉಳಿದವರದು. ಮೊದಲನೆಯದು ಕೋಚಿಂಗ್ ಸಂಸ್ಥೆಗಳ ಗೋಡೆಯ ಫಲಕಗಳ ಮೇಲೆ ಛಾಯಾಚಿತ್ರಸಹಿತ ಸಿಗುತ್ತದೆ. ಎರಡನೆಯದು ಚಹಾದಂಗಡಿಯ ಮುಂದೆ, ಬಾಯಿಮಾತಿನಲ್ಲಿ ಮಾತ್ರ.

ಈ ಎರಡರ ತೂಕವನ್ನು ಅಳೆಯಲು ಅಂಕಿಗಳೇ ಸಾಕು. 2023ರ ಪರೀಕ್ಷೆಗೆ 10,16,850 ಮಂದಿ ಅರ್ಜಿ ಸಲ್ಲಿಸಿ, 5,92,141 ಮಂದಿ ಪ್ರಿಲಿಮ್ಸ್ ಬರೆದು, 14,624 ಮಂದಿ ಮೇನ್ಸ್‌ಗೆ ಅರ್ಹರಾಗಿ, 2,855 ಮಂದಿ ಸಂದರ್ಶನದವರೆಗೆ ತಲುಪಿ, ಕೊನೆಗೆ 1,016 ಮಂದಿ ಆಯ್ಕೆಗೊಂಡರು. ಎಂದರೆ ಸಾವಿರ ಅರ್ಜಿಗೆ ಒಬ್ಬರು. ಗೆದ್ದವರ ದಿನಚರಿಯನ್ನಷ್ಟೇ ನೋಡಿ ಗೆಲುವಿನ ಕಾರಣವನ್ನು ಊಹಿಸುವ ಈ ಬಗೆಯ ತರ್ಕದೋಷವನ್ನು ಸಂಖ್ಯಾಶಾಸ್ತ್ರಜ್ಞರು ‘ಬದುಕುಳಿದವರ ಪಕ್ಷಪಾತ’ ಎನ್ನುತ್ತಾರೆ: ಅದೇ ಪುಸ್ತಕವನ್ನು ಅಷ್ಟೇ ಗಂಟೆ ಓದಿಯೂ ಸೋತವರು ಎಷ್ಟು ಮಂದಿ ಎಂಬುದು ಆ ಲೆಕ್ಕದಲ್ಲಿ ಸೇರುವುದೇ ಇಲ್ಲ. ಇದಕ್ಕೆ ವ್ಯಾಪಾರವೂ ಬೆರೆತಿದೆ. ಅಣಕು ಸಂದರ್ಶನಕ್ಕಷ್ಟೇ ಬಂದುಹೋದವರನ್ನು ತಮ್ಮ ಪೂರ್ಣಾವಧಿ ವಿದ್ಯಾರ್ಥಿಗಳೆಂಬಂತೆ ಬಿಂಬಿಸಿದ ಕೋಚಿಂಗ್ ಸಂಸ್ಥೆಗಳ ಜಾಹೀರಾತುಗಳ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ದಂಡ ವಿಧಿಸಿತಲ್ಲದೆ, 2024ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಆಯ್ಕೆಯಾದವರ ಹೆಸರು ಮತ್ತು ಚಿತ್ರವನ್ನು ಬಳಸಲು ಫಲಿತಾಂಶದ ನಂತರ ಅವರ ಲಿಖಿತ ಒಪ್ಪಿಗೆ ಪಡೆಯಬೇಕೆಂದೂ, ಅವರು ಓದಿದ ಕೋರ್ಸ್ ಯಾವುದೆಂಬುದನ್ನು ಮುಚ್ಚಿಡಬಾರದೆಂದೂ ವಿಧಿಸಿತು.

ಉಳಿದವರ ಸಲಹೆಯ ಬೆಲೆ ಕನ್ನಡದ ಅಭ್ಯರ್ಥಿಯ ವಿಷಯದಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಮಾತ್ರ ಇರುತ್ತದೆಯಾದರೂ, ಮೇನ್ಸ್ ಉತ್ತರಗಳನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಮೇನ್ಸ್‌ನಲ್ಲಿ 300 ಅಂಕಗಳ ಭಾರತೀಯ ಭಾಷಾ ಪತ್ರಿಕೆಯೊಂದಿದ್ದು, ಪ್ರಬಂಧ, ಗದ್ಯಗ್ರಹಣ, ಸಂಕ್ಷೇಪ ಲೇಖನ, ಇಂಗ್ಲಿಷ್‌ನಿಂದ ಕನ್ನಡಕ್ಕೂ ಕನ್ನಡದಿಂದ ಇಂಗ್ಲಿಷಿಗೂ ಅನುವಾದ, ವ್ಯಾಕರಣ ಇವುಗಳನ್ನು ಒಳಗೊಂಡಿರುತ್ತದೆ. ಇದರ ಅಂಕ ರ‍್ಯಾಂಕಿಗೆ ಸೇರುವುದಿಲ್ಲ. ಆದರೆ ಶೇಕಡಾ 25, ಅಂದರೆ 75 ಅಂಕ ಬಾರದಿದ್ದರೆ ಉಳಿದ ಪತ್ರಿಕೆಗಳ ಅಂಕ ಗಣನೆಗೇ ಬರುವುದಿಲ್ಲ. ಹತ್ತನೆಯ ತರಗತಿಯ ಬಳಿಕ ಕನ್ನಡದಲ್ಲಿ ಒಂದು ಪುಟವನ್ನೂ ಬರೆಯದ ಎಂಜಿನಿಯರಿಂಗ್ ಪದವೀಧರರಿಗೆ, ವಾರಕ್ಕೊಂದು ಪ್ರಬಂಧವನ್ನಾದರೂ ಕೈಯಲ್ಲಿ ಬರೆಯಬೇಕೆಂದು ಎಚ್ಚರಿಸಬಲ್ಲವರು ಒತ್ತಕ್ಷರಕ್ಕೆ ತಡವರಿಸಿ ಸಮಯ ಕಳೆದುಕೊಂಡ ಸೀನಿಯರ್‌ಗಳೇ ಹೊರತು ಫಲಕದ ಮೇಲಿನವರಲ್ಲ.

ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ, ಅಂದರೆ ಅಭ್ಯರ್ಥಿಯೇ ಆರಿಸಿಕೊಳ್ಳುವ 500 ಅಂಕಗಳ ‘ಆಪ್ಷನಲ್’ ಆಗಿ, ತೆಗೆದುಕೊಳ್ಳುವವರಿಗೆ ಈ ಮಾತು ಇನ್ನಷ್ಟು ಸಲ್ಲುತ್ತದೆ. ಪಂಪನ ‘ವಿಕ್ರಮಾರ್ಜುನ ವಿಜಯ’ದ ಎರಡು ಆಶ್ವಾಸಗಳು, ‘ವಡ್ಡಾರಾಧನೆ’ಯ ಎರಡು ಕಥೆಗಳು, ಕುಮಾರವ್ಯಾಸನ ಕರ್ಣಪರ್ವ, ಕಾರಂತರ ‘ಬೆಟ್ಟದ ಜೀವ’, ದೇವನೂರ ಮಹಾದೇವರ ‘ಒಡಲಾಳ’ ಮೊದಲಾದ ಪಠ್ಯಗಳನ್ನು ಮೂಲದಲ್ಲೇ ಓದಿ ಕನ್ನಡದಲ್ಲೇ ಉತ್ತರಿಸಬೇಕು. ಈ ಪುಸ್ತಕಗಳನ್ನು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೊಂಡು ಟ್ರಂಕಿಗೆ ಹಾಕಿಕೊಂಡೇ ರೈಲು ಹತ್ತುವುದು ಜಾಣತನ. 2016ರ ಪರೀಕ್ಷೆಯಲ್ಲಿ ದೇಶಕ್ಕೆ ಮೊದಲ ರ‍್ಯಾಂಕ್ ಪಡೆದ ಕೋಲಾರ ಜಿಲ್ಲೆಯ ಕೆ.ಆರ್. ನಂದಿನಿ ಅವರು ಸಿವಿಲ್ ಎಂಜಿನಿಯರ್ ಆಗಿದ್ದೂ ಕನ್ನಡ ಸಾಹಿತ್ಯವನ್ನೇ ಆರಿಸಿಕೊಂಡಿದ್ದರು. ಅಲ್ಲಿಂದೀಚೆಗೆ ಅವರ ಉದಾಹರಣೆಯನ್ನು ಎಲ್ಲರೂ ಎತ್ತುತ್ತಾರೆ. ಆದರೆ ಅವರು ಒಂದೇ ಪ್ರಯತ್ನದಲ್ಲಿ ಅಲ್ಲಿಗೆ ಮುಟ್ಟಿದವರಲ್ಲ, ಹಿಂದಿನ ಪ್ರಯತ್ನವೊಂದರಲ್ಲಿ ಕಂದಾಯ ಸೇವೆಗೆ ಆಯ್ಕೆಯಾಗಿದ್ದವರು ಎಂಬ ಸಂಗತಿ ಅಷ್ಟು ಸಲ ಕೇಳಿಬರುವುದಿಲ್ಲ.

ವಸತಿಯ ಕುರಿತ ಸಲಹೆಗೆ 2024ರ ಜುಲೈ 27ರ ನಂತರ ಬೇರೆಯೇ ಗಾಂಭೀರ್ಯ ಬಂದಿದೆ. ಅಂದು ಸಂಜೆಯ ಮಳೆಯಲ್ಲಿ ಇಲ್ಲಿನ ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಯ ಗ್ರಂಥಾಲಯಕ್ಕೆ ನೀರು ನುಗ್ಗಿ ಮೂವರು ಅಭ್ಯರ್ಥಿಗಳು ಸತ್ತರು. ನಗರಪಾಲಿಕೆ ಹಲವು ನೆಲಮಾಳಿಗೆಗಳಿಗೆ ಬೀಗಮುದ್ರೆ ಹಾಕಿತು, ಆಗಸ್ಟ್ 2ರಂದು ದೆಹಲಿ ಹೈಕೋರ್ಟ್ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಬಾಗಿಲು ಎಷ್ಟು, ಮೆಟ್ಟಿಲು ಎಲ್ಲಿ, ಮಳೆಗಾಲದಲ್ಲಿ ಬೀದಿಯ ನೀರು ಎತ್ತ ಹರಿಯುತ್ತದೆ ಎಂಬುದನ್ನು ಬಾಡಿಗೆಯ ದಲ್ಲಾಳಿ ಹೇಳುವುದಿಲ್ಲ. ಅಲ್ಲೇ ಒಂದೆರಡು ಮಳೆಗಾಲ ಕಳೆದವರು ಹೇಳಬಲ್ಲರು.

ಯಾವಾಗ ನಿಲ್ಲಿಸಬೇಕು ಎಂಬುದೇ ಎಲ್ಲಕ್ಕಿಂತ ಕಷ್ಟದ ಸಲಹೆ. ಸಾಮಾನ್ಯ ವರ್ಗಕ್ಕೆ 32 ವರ್ಷದೊಳಗೆ ಆರು ಪ್ರಯತ್ನ, ಹಿಂದುಳಿದ ವರ್ಗಕ್ಕೆ 35ರೊಳಗೆ ಒಂಬತ್ತು ಪ್ರಯತ್ನ ಎಂಬ ಮಿತಿ ಹೊರಗಿನದು. ಮನೆಯಿಂದ ಬರುವ ಹಣದ ಮತ್ತು ಮನಸ್ಸಿನ ಮಿತಿ ಅದಕ್ಕೂ ಮೊದಲೇ ಎದುರಾಗುತ್ತದೆ. ಎರಡನೆಯ ಪ್ರಯತ್ನಕ್ಕೂ ಪ್ರಿಲಿಮ್ಸ್ ದಾಟದವರು ಊರಿಗೆ ಮರಳಿ, ಕೆಲಸ ಮಾಡುತ್ತಲೇ ಓದುವುದು ಸೋಲಲ್ಲವೆಂದು ಫಲಕಗಳ ಮೇಲಿನವರು ಹೇಳಲಾರರು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಪದವೀಧರರ ಕೋಚಿಂಗ್ ವೆಚ್ಚವನ್ನು ಭರಿಸುವ ಕರ್ನಾಟಕದ ಸಮಾಜ ಕಲ್ಯಾಣ ಇಲಾಖೆಯು, ಆಯ್ಕೆಯಾಗದೆ ಮರಳಿದವರ ಅನುಭವಗಳನ್ನೂ ಬರಹದಲ್ಲಿ ಸಂಗ್ರಹಿಸಿ ಮುಂದಿನ ತಂಡದ ಕೈಗೆ ಕೊಡಬೇಕು.